ದಡಾರವು ಮಕ್ಕಳ ರೋಗವಾದ ಬಗೆ

ಮೂರು ನಾಲ್ಕು ದಿನ ಜ್ವರ, ನೆಗಡಿ, ಕೆಮ್ಮು, ಕಣ್ಣಿನ ಕೆಂಪು. ಆ ಮೇಲೆ ಕಿವಿಯ ಹಿಂದೆಯೂ ಮುಖದಲ್ಲಿಯೂ ತೋರಿ, ಎದೆ ಬೆನ್ನುಗಳಿಗೆ ಇಳಿದು, ಕೈಕಾಲುಗಳವರೆಗೆ ಹಬ್ಬುವ ಕೆಂಪು ದದ್ದು: ಇದು ದಡಾರದ ಲಕ್ಷಣವೆಂಬುದನ್ನು ನಮ್ಮ ಮನೆಗಳ ಹಿರಿಯರು ವೈದ್ಯನ ನೆರವಿಲ್ಲದೆಯೇ ಬಲ್ಲವರಾಗಿದ್ದರು. ಮೈಮೇಲೆ ದದ್ದು ಗುಳ್ಳೆಗಳನ್ನೆಬ್ಬಿಸುವ ಜ್ವರಗಳನ್ನೆಲ್ಲ 'ಅಮ್ಮ' ಎಂದು ಕರೆದು, ಬೇವಿನ ಸೊಪ್ಪನ್ನು ಬಾಗಿಲಿಗೆ ಕಟ್ಟಿ, ಅದು ತಾನಾಗಿ ಇಳಿಯುವವರೆಗೆ ಕಾಯುವುದು ವಾಡಿಕೆಯಾಗಿತ್ತು. ಬಾಲ್ಯದಲ್ಲಿ ಒಮ್ಮೆ ಬರತಕ್ಕದ್ದು, ಬಂದು ಹೋದರೆ ಮತ್ತೆ ಬಾರದು ಎಂಬ ನಂಬಿಕೆಯೂ ಇದರೊಡನೆ ಬೆಳೆದುಬಂದಿತು. ವೈದ್ಯಶಾಸ್ತ್ರದ ಗ್ರಂಥಗಳೂ ಬಹುಕಾಲ ದಡಾರವನ್ನು ಮಕ್ಕಳ ರೋಗಗಳ ಸಾಲಿನಲ್ಲಿಯೇ ಇರಿಸಿದುವು.

ಈ 'ಮಕ್ಕಳ ರೋಗ' ಎಂಬ ಹೆಸರನ್ನೇ ಪ್ರಸ್ತುತ ಲೇಖನದಲ್ಲಿ ನಾವು ವಿಚಾರಣೆಗೆ ಎತ್ತಿಕೊಳ್ಳುತ್ತೇವೆ. ದಡಾರವು ಮಕ್ಕಳನ್ನು ಹಿಡಿಯುವುದು ಮಕ್ಕಳ ಮೈಯ ಸ್ವಭಾವದಿಂದಲೋ, ಅಥವಾ ಸಮಾಜದ ಸ್ಥಿತಿಯಿಂದಲೋ? ಪ್ರಶ್ನೆಯು ವೈದ್ಯರಿಗೆ ಸಂಬಂಧಿಸಿದುದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇದಕ್ಕೆ ಉತ್ತರ ದೊರೆತದ್ದು ಜನರ ಸಂಚಾರ, ವ್ಯಾಪಾರ, ರಾಜ್ಯಾಡಳಿತಗಳ ಚರಿತ್ರೆಯಲ್ಲಿ. ಅದರಲ್ಲಿಯೂ ಕಡಲ ನಡುವಣ ಕೆಲವು ದ್ವೀಪಗಳ ಚರಿತ್ರೆಯು ಈ ವಿಷಯದಲ್ಲಿ ನಮಗೆ ಮುಖ್ಯ ಸಾಕ್ಷಿಯಾಗಿದೆ.

ಪ್ರಾಚೀನರ ಅಭಿಪ್ರಾಯ

ಸಿಡುಬಿಗಿಂತ ಬೇರೆಯಾದ, ಅದಕ್ಕೆ ಹತ್ತಿರದ ರೋಗವೊಂದುಂಟೆಂಬುದನ್ನು ನಮ್ಮ ಆಯುರ್ವೇದದ ಆಚಾರ್ಯರು ಬಲ್ಲವರಾಗಿದ್ದರು. ಮಾಧವಕರನ ರೋಗನಿದಾನ ಗ್ರಂಥದಲ್ಲಿ ಮಸೂರಿಕೆಯ ಪ್ರಕರಣದಲ್ಲಿಯೇ 'ರೋಮಾಂತಿಕಾ' ಎಂಬುದನ್ನು ಪ್ರತ್ಯೇಕವಾಗಿ ಹೇಳಲಾಗಿದೆ. ಕೂದಲ ಬುಡದಷ್ಟೇ ಎತ್ತರಕ್ಕೆ ಏಳುವ ಸಣ್ಣ ಕೆಂಪು ದದ್ದು, ಜೊತೆಗೆ ಜ್ವರ, ಕೆಮ್ಮು, ಅರುಚಿ ಎಂಬ ಆ ಲಕ್ಷಣಗಳು ದಡಾರಕ್ಕೆ ಹೊಂದುತ್ತವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಹತ್ತನೆಯ ಶತಮಾನದ ಆರಂಭದಲ್ಲಿ ಪಾರಸೀಕ ದೇಶದ ರಯ್ ಪಟ್ಟಣದ ವೈದ್ಯನಾದ ಅಲ್ ರಾಜಿಯು ಸಿಡುಬು ಮತ್ತು ದಡಾರಗಳನ್ನು ಕುರಿತೇ ಒಂದು ಗ್ರಂಥವನ್ನು ಬರೆದು, ಎರಡರ ಲಕ್ಷಣಭೇದವನ್ನು ವಿಸ್ತಾರವಾಗಿ ತಿಳಿಸಿದನು.

ಇಲ್ಲಿ ನಮಗೆ ಬೇಕಾದುದು ಅವನು ಕೊಟ್ಟ ಕಾರಣ. ಸಿಡುಬು ಹೆಚ್ಚಾಗಿ ಬಾಲ್ಯದಲ್ಲಿಯೇ ಬರುವುದೇಕೆ ಎಂಬ ಪ್ರಶ್ನೆಗೆ ಅವನು, ಎಳೆಯರ ರಕ್ತವು ಹೊಸದಾಗಿ ಹಿಂಡಿದ ದ್ರಾಕ್ಷಾರಸದಂತೆ ಹುದುಗತಕ್ಕದ್ದು, ಆ ಹುದುಗುವಿಕೆಯೇ ರೋಗವಾಗಿ ಹೊರಬೀಳುತ್ತದೆ, ವಯಸ್ಕರ ರಕ್ತವು ಹುದುಗಿ ತಣಿದ ಮದ್ಯದಂತೆ, ಎಂದು ಸಮಾಧಾನ ಹೇಳಿದನು. ಕಣ್ಣಿಗೆ ಕಂಡ ಸಂಗತಿಯನ್ನು ಶರೀರದ ಸ್ವಭಾವಕ್ಕೆ ಕಟ್ಟಿದ ಈ ವಿವರಣೆಯು ಅವನ ಕಾಲಕ್ಕೆ ಸುಸಂಗತವಾಗಿಯೇ ಇದ್ದಿತು. ರಯ್, ಬಾಗ್ದಾದುಗಳಂಥ ಜನನಿಬಿಡ ಪಟ್ಟಣಗಳಲ್ಲಿದ್ದವನಿಗೆ ಇಂಥ ರೋಗಗಳನ್ನು ಬಾಲ್ಯದಲ್ಲಿ ಕಾಣದೆ ಬೆಳೆದ ವಯಸ್ಕರು ಸಿಕ್ಕುವುದು ಅಪೂರ್ವ. ಮಕ್ಕಳು ಮಾತ್ರವೇ ಏಕೆ ಎಂಬುದನ್ನು ಪರೀಕ್ಷಿಸಬೇಕಾದರೆ, ಮುದುಕರೂ ತರುಣರೂ ಒಂದೇ ರೀತಿಯಲ್ಲಿ ರೋಗಕ್ಕೆ ಹೊಸಬರಾಗಿರುವ ನಾಡೊಂದು ಬೇಕಾಗಿತ್ತು. ಅಂಥ ನಾಡು ವೈದ್ಯರ ಕಣ್ಣಿಗೆ ಬಿದ್ದದ್ದು ೧೮೪೬ರಲ್ಲಿ.

ಫೆರೋ ದ್ವೀಪಗಳ ಸಾಕ್ಷ್ಯ

ಸ್ಕಾಟ್ಲೆಂಡಿಗೂ ಐಸ್‌ಲೆಂಡಿಗೂ ನಡುವೆ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ ಫೆರೋ ದ್ವೀಪಗಳು ಡೆನ್ಮಾರ್ಕಿನ ಅಧೀನದಲ್ಲಿದ್ದುವು. ಅಲ್ಲಿಯ ವ್ಯಾಪಾರವೆಲ್ಲ ೧೮೫೬ರವರೆಗೆ ಡೇನಿಷ್ ಸರ್ಕಾರದ ಏಕಸ್ವಾಮ್ಯಕ್ಕೆ ಸೇರಿದ್ದುದರಿಂದ ಹೊರಗಿನ ಹಡಗುಗಳ ಸಂಚಾರ ಕಡಮೆ. ೧೭೮೧ರಲ್ಲಿ ಒಮ್ಮೆ ದಡಾರವು ಬಂದು ಹೋದ ಮೇಲೆ ೬೫ ವರ್ಷಗಳ ಕಾಲ ಅದು ದ್ವೀಪಗಳಲ್ಲಿ ಕಾಣಿಸಿಕೊಂಡಿರಲಿಲ್ಲ. ೧೮೪೬ರ ಮಾರ್ಚ್ ತಿಂಗಳಲ್ಲಿ ಕೋಪನ್‌ಹೇಗನ್ನಿನಿಂದ ಬಂದ ಒಬ್ಬ ಬಡಗಿಯೊಡನೆ ರೋಗವು ರಾಜಧಾನಿಯಾದ ಟೋರ್ಸ್‌ಹಾವ್ನ್‌ನಲ್ಲಿ ಇಳಿಯಿತು. ಆರು ತಿಂಗಳು ತುಂಬುವಷ್ಟರಲ್ಲಿ ಒಟ್ಟು ೭,೭೮೨ ಮಂದಿ ನಿವಾಸಿಗಳಲ್ಲಿ ಸುಮಾರು ೬,೦೦೦ ಮಂದಿ ಮಲಗಿದರು.

ಡೇನಿಷ್ ಸರ್ಕಾರವು ಕಳುಹಿಸಿದ ಇಬ್ಬರು ವೈದ್ಯರಲ್ಲಿ ಪೀಟರ್ ಲುಡ್ವಿಗ್ ಪಾನುಮ್ ಒಬ್ಬನು. ೧೮೨೦ರಲ್ಲಿ ಹುಟ್ಟಿದ ಈತನಿಗೆ ಆಗ ಇನ್ನೂ ಇಪ್ಪತ್ತಾರು ದಾಟಿರಲಿಲ್ಲ. ಅವನು ದೋಣಿಯಲ್ಲಿ ಊರಿಂದೂರಿಗೆ ಹೋಗಿ, ಮೊದಲು ಮಲಗಿದವರಾರು, ಅವರು ಎಲ್ಲಿಗೆ ಹೋಗಿದ್ದರು, ದದ್ದು ಎದ್ದದ್ದು ಎಂದು ಎಂಬುದನ್ನು ವಿಚಾರಿಸಿ ದಿನಾಂಕಗಳನ್ನು ಗುರುತು ಮಾಡಿಕೊಂಡನು. ಅವನು ಕೊಡುವ ದೃಷ್ಟಾಂತಗಳಲ್ಲಿ ಒಂದನ್ನು ಹೇಳುತ್ತೇವೆ. ಜೂನ್ ೪ರಂದು ಚೋರ್ನುವೀಕ್ ಎಂಬ ಹಳ್ಳಿಯ ಹತ್ತು ಮಂದಿ ಒಂದು ದೋಣಿಯಲ್ಲಿ ಹೋಗಿ ವೆಸ್ಟ್‌ಮನ್ನಾ ಬಂದರಿನಲ್ಲಿ ತಿಮಿಂಗಿಲದ ಬೇಟೆಗೆ ಸೇರಿದರು. ಜೂನ್ ೧೮ರಂದು ಹತ್ತು ಮಂದಿಗೂ ದದ್ದು ಎದ್ದಿತು. ಇಂಥ ಅನೇಕ ನಿದರ್ಶನಗಳನ್ನು ಹೋಲಿಸಿ ನೋಡಿ, ಸೋಂಕು ತಗುಲಿದ ಹದಿಮೂರು ಹದಿನಾಲ್ಕು ದಿನಗಳಿಗೆ ದದ್ದು ಕಾಣಿಸುತ್ತದೆ, ದಡಾರವು ಕೆಟ್ಟ ಗಾಳಿಯಿಂದ ತಾನಾಗಿ ಹುಟ್ಟುವುದಿಲ್ಲ, ಮನುಷ್ಯನಿಂದ ಮನುಷ್ಯನಿಗೆ ಹರಡುತ್ತದೆ, ಎಂದು ಅವನು ಸಿದ್ಧಾಂತ ಮಾಡಿದನು. ರೋಗಾಣುಗಳ ತತ್ತ್ವವು ಇನ್ನೂ ಸ್ಥಾಪಿತವಾಗದಿದ್ದ ಕಾಲದಲ್ಲಿ ಬರಿಯ ದಿನಗಣನೆಯಿಂದ ಇದನ್ನು ಸಾಧಿಸಿದ್ದು ಗಮನಾರ್ಹ. ಅವನ ವರದಿಯು ೧೮೪೭ರಲ್ಲಿ ಪ್ರಕಟವಾಯಿತು.

ನಮ್ಮ ಪ್ರಶ್ನೆಗೆ ಉತ್ತರವೂ ಅದೇ ವರದಿಯಲ್ಲಿದೆ. ಫೆರೋ ದ್ವೀಪಗಳಲ್ಲಿ ಮಲಗಿದವರು ಮಕ್ಕಳು ಮಾತ್ರವಲ್ಲ. ತೊಟ್ಟಿಲಿನ ಶಿಶುವಿನಿಂದ ಹಿಡಿದು ಅರುವತ್ತು ವರ್ಷದ ಮುದುಕರವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಹಾಸಿಗೆ ಹಿಡಿದರು. ತಪ್ಪಿಸಿಕೊಂಡವರಲ್ಲಿ ಒಂದು ಗುಂಪು ವಿಶೇಷವಾದುದು: ೧೭೮೧ರ ಪಿಡುಗಿನಲ್ಲಿ ರೋಗವನ್ನು ಅನುಭವಿಸಿ ಬದುಕಿದ್ದ ಅತಿವೃದ್ಧರು. ಅಂಥ ೯೮ ಮಂದಿಯನ್ನು ಪಾನುಮನು ತಾನೇ ಕಂಡನು. ಅವರಲ್ಲಿ ಒಬ್ಬರಿಗಾದರೂ ಎರಡನೆಯ ಸಲ ದಡಾರ ಬಂದಿರಲಿಲ್ಲ. ಆದುದರಿಂದ ರೋಗಕ್ಕೆ ಈಡು ಮಾಡತಕ್ಕದ್ದು ಎಳೆತನವಲ್ಲ, ರೋಗಕ್ಕೆ ಹೊಸಬರಾಗಿರುವುದು. ಕಾಪಾಡತಕ್ಕದ್ದು ವಯಸ್ಸಲ್ಲ, ಹಿಂದಿನ ಅನುಭವ. ಎಳೆಯ ರಕ್ತದ ಹುದುಗುವಿಕೆಯಂಥ ಸ್ವಭಾವವಾದಕ್ಕೆ ದಡಾರದ ಮಟ್ಟಿಗೆ ಇಲ್ಲಿ ಎಡೆಯೇ ಉಳಿಯಲಿಲ್ಲ.

ನಗರವೂ ರೋಗವೂ

ಹಾಗಾದರೆ ಕೋಪನ್‌ಹೇಗನ್ನಿನಲ್ಲಿ ಮಕ್ಕಳ ರೋಗವಾಗಿದ್ದದ್ದು ಫೆರೋದಲ್ಲಿ ಎಲ್ಲರ ರೋಗವಾದದ್ದು ಹೇಗೆ? ಲೆಕ್ಕವು ಸರಳವಾದದ್ದು. ದಡಾರದ ರೋಗಿಯು ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲಿನಿಂದ ನಾಲ್ಕು ದಿನ ಅನಂತರದವರೆಗೆ ಮಾತ್ರ ರೋಗವನ್ನು ಹರಡಬಲ್ಲನು. ಬಳಿಕ ಅವನು ಸಾಯುತ್ತಾನೆ, ಅಥವಾ ಜೀವಮಾನವಿಡೀ ರಕ್ಷಿತನಾಗುತ್ತಾನೆ. ಈ ರೋಗಕ್ಕೆ ಪ್ರಾಣಿಗಳಲ್ಲಿ ಆಶ್ರಯವಿಲ್ಲ. ಒಬ್ಬನೂ ರಕ್ಷಿತನಲ್ಲದ ಸಮುದಾಯದಲ್ಲಿ ಒಬ್ಬ ರೋಗಿಯಿಂದ ೧೨ರಿಂದ ೧೮ ಮಂದಿಗೆ ಹರಡುವಷ್ಟು ವೇಗವುಳ್ಳದ್ದಾದುದರಿಂದ ಸಣ್ಣ ನಾಡನ್ನು ಹೊಕ್ಕರೆ ಕೆಲವೇ ತಿಂಗಳಲ್ಲಿ ಎಲ್ಲರನ್ನೂ ಮುಗಿಸಿ, ಮುಂದೆ ಹಿಡಿಯಲು ಯಾರೂ ಇಲ್ಲದೆ ತಾನೂ ನಂದಿಹೋಗುತ್ತದೆ. ಏಳೆಂಟು ಸಾವಿರ ಜನರಿರುವ ನಾಡಿನಲ್ಲಿ ವರ್ಷಕ್ಕೆ ಹುಟ್ಟುವ ಒಂದೆರಡು ನೂರು ಮಕ್ಕಳು ಅದರ ಉರಿಗೆ ಸಾಕಾಗುವುದಿಲ್ಲ. ದೊಡ್ಡ ನಗರದಲ್ಲಾದರೋ ದಿನವೂ ಹುಟ್ಟುವ ಕೂಸುಗಳೇ ಬೆಂಕಿಗೆ ಸೌದೆಯಾಗುತ್ತವೆ. ರೋಗವು ಆರದೆ ಅಲ್ಲಿಯೇ ನೆಲೆಸುತ್ತದೆ. ನೆಲೆಸಿದ ರೋಗವನ್ನು ಯಾರೂ ಬಾಲ್ಯ ದಾಟುವವರೆಗೆ ತಪ್ಪಿಸಿಕೊಳ್ಳಲಾರರು.

ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಬಾರ್ಟ್‌ಲೆಟ್ ೧೯೫೭ರಲ್ಲಿ ನಗರಗಳ ಅಂಕಿಅಂಶಗಳಿಂದಲೂ, ಅಮೆರಿಕದ ಫ್ರಾನ್ಸಿಸ್ ಬ್ಲ್ಯಾಕ್ ೧೯೬೬ರಲ್ಲಿ ದ್ವೀಪಗಳ ಅಂಕಿಅಂಶಗಳಿಂದಲೂ ಈ ಮೇರೆಯನ್ನು ಅಳೆದರು. ಎರಡೂವರೆ ಲಕ್ಷದಿಂದ ಐದು ಲಕ್ಷದವರೆಗಿನ ಜನಸಂಖ್ಯೆಯಿಲ್ಲದ ಕಡೆ ದಡಾರವು ನಿರಂತರವಾಗಿ ಉಳಿಯಲಾರದೆಂಬುದು ಅವರ ಲೆಕ್ಕಗಳಿಂದ ವಿದಿತವಾಗುತ್ತದೆ. ದಡಾರದ ವೈರಸ್ಸು ದನಗಳ ದೊಡ್ಡರೋಗದ ವೈರಸ್ಸಿಗೆ ಹತ್ತಿರದ ನೆಂಟ. ೧೯೧೨ರಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡ ಮಗುವಿನ ಶ್ವಾಸಕೋಶದ ಸಂರಕ್ಷಿತ ತುಣುಕನ್ನು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಇವೆರಡೂ ಬೇರೆಯಾದ ಕಾಲವು ಕ್ರಿಸ್ತಪೂರ್ವ ಆರನೆಯ ಶತಮಾನದಷ್ಟು ಹಿಂದಕ್ಕೆ ಹೋಗಬಹುದು. ಲಕ್ಷಗಟ್ಟಲೆ ಜನರ ನಗರಗಳು ತಲೆಯೆತ್ತಿದ ಕಾಲವೂ ಸರಿಸುಮಾರು ಅದೇ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕು. ಗೋವಳರ ದನದ ಹಟ್ಟಿಯಿಂದ ಬಂದ ರೋಗವನ್ನು ಉಳಿಸಿಕೊಂಡದ್ದು ನಗರ.

ಒಂದೇ ದೇಶದೊಳಗೂ ಈ ಭೇದವು ಕಾಣಬರುತ್ತದೆ. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯೊಂದರಲ್ಲಿಯೇ ೬೦ ಸಾವಿರಕ್ಕೂ ಹೆಚ್ಚು ಮಂದಿ ಸೈನಿಕರಿಗೆ ದಡಾರ ತಗುಲಿ, ೪ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ದೂರದೂರ ಚದುರಿದ ಹೊಲಮನೆಗಳಲ್ಲಿ ರೋಗವನ್ನು ಕಾಣದೆ ಬೆಳೆದ ಗಟ್ಟಿಮುಟ್ಟಾದ ತರುಣರು ಶಿಬಿರಗಳಲ್ಲಿ ಮಲಗಿದರೆ, ನಗರದ ಓಣಿಗಳಲ್ಲಿ ಬೆಳೆದ ಬಡಕಲು ಹುಡುಗರು ನಿಶ್ಚಿಂತರಾಗಿ ಓಡಾಡಿದರು.

ಫಿಜಿಯ ದುರಂತ

ಮೇಲಿನ ಮಾತು ಬರಿಯ ಲೆಕ್ಕದ ವಿಷಯವಲ್ಲವೆಂಬುದು ಶಾಂತಸಾಗರದ ಫಿಜಿ ದ್ವೀಪಗಳ ಚರಿತ್ರೆಯಿಂದ ತಿಳಿಯುತ್ತದೆ. ೧೮೭೪ರ ಅಕ್ಟೋಬರ್ ೧೦ರಂದು ಅರಸ ತಾಕೊಂಬೌ ಮತ್ತು ಇತರ ಪಾಳೆಯಗಾರರು ಫಿಜಿಯನ್ನು ಬ್ರಿಟಿಷ್ ರಾಣಿಗೆ ಒಪ್ಪಿಸಿ ಸಹಿ ಹಾಕಿದರು. ಅನಂತರ ಅರಸನು ಪರಿವಾರದೊಡನೆ ಸಿಡ್ನಿ ನಗರಕ್ಕೆ ಅತಿಥಿಯಾಗಿ ಹೋದನು. ಅಲ್ಲಿ ದಡಾರವಿತ್ತು. ಅದು ಅರಸನ ಪರಿವಾರವನ್ನು ಹಿಡಿಯಿತು. ೧೮೭೫ರ ಜನವರಿ ೧೨ರಂದು 'ಡೈಡೊ' ಎಂಬ ಯುದ್ಧನೌಕೆಯು ಅವರನ್ನು ಹೊತ್ತು, ರೋಗಸೂಚಕವಾದ ಹಳದಿ ಬಾವುಟವನ್ನು ಏರಿಸದೆ, ಲೆವುಕ ಬಂದರನ್ನು ಸೇರಿತು. ಅರಸನನ್ನು ಕಾಣಲು ನಾನಾ ಕಡೆಗಳಿಂದ ಜನ ಬಂದರು. ಇದರ ಬೆನ್ನಿಗೆ ಹೊಸ ಸರ್ಕಾರವು ಬೆಟ್ಟದ ಸೀಮೆಯ ಮುಖಂಡರನ್ನು ನಾವುಸೊ ಎಂಬಲ್ಲಿಗೆ ಸಭೆಗೆ ಕರೆಯಿತು. ಸಭೆ ಮುಗಿಸಿ ಹೊರಟವರು ರೋಗವನ್ನು ತಮ್ಮ ತಮ್ಮ ಊರುಗಳಿಗೆ ಕೊಂಡೊಯ್ದರು. ಸುಮಾರು ಒಂದೂವರೆ ಲಕ್ಷ ಜನರಲ್ಲಿ ಸುಮಾರು ೪೦ ಸಾವಿರ ಮಂದಿ ಆ ವರ್ಷ ಸತ್ತರೆಂದು ಅಂದಾಜು.

ಅದಕ್ಕೆ ಮುಂಚೆ ದಶಕಗಳ ಕಾಲ ಯೂರೋಪಿಯನ್ನರ ಹಡಗುಗಳು ಫಿಜಿಗೆ ಬರುತ್ತಲೇ ಇದ್ದುವು. ಆಗ ಬಾರದ ಪಿಡುಗು ಈಗ ಬಂದುದೇಕೆ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೂ ಕಾರಣವು ಮೇಲೆ ಹೇಳಿದ ಭೇದವೇ. ಆ ಹಡಗುಗಳ ನಾವಿಕರಲ್ಲಿ ಬಹುಪಾಲು ಜನರು ಬಾಲ್ಯದಲ್ಲಿಯೇ ದಡಾರವನ್ನು ಕಳೆದುಕೊಂಡವರು. ಅವರ ನಡುವೆ ರೋಗವು ವಾರಗಟ್ಟಲೆಯ ಪ್ರಯಾಣವನ್ನು ದಾಟಿ ಉಳಿಯುವಂತಿರಲಿಲ್ಲ. ರೋಗಕ್ಕೆ ಹೊಸಬರಾದ ದ್ವೀಪವಾಸಿಗಳೇ ಪ್ರಯಾಣಿಕರಾದಾಗ ಅದು ಒಬ್ಬರಿಂದೊಬ್ಬರಿಗೆ ದಾಟುತ್ತಾ ತೀರವನ್ನು ಮುಟ್ಟಿತು. ಸಾಮ್ರಾಜ್ಯವು ಅರಸನಿಗೆ ತೋರಿದ ಮರ್ಯಾದೆಯೇ ಪ್ರಜೆಗಳಿಗೆ ಮೃತ್ಯುವಿನ ದಾರಿಯಾಯಿತು.

ಇಲ್ಲಿ ಒಂದು ಆಕ್ಷೇಪವು ಹುಟ್ಟುತ್ತದೆ. ಫೆರೋದಲ್ಲಿಯೂ ಜನರು ಹೊಸಬರೇ. ಆದರೂ ಅಲ್ಲಿ ದಡಾರದಿಂದ ಸತ್ತವರು ಇನ್ನೂರನ್ನು ಮೀರಲಿಲ್ಲ. ಫಿಜಿಯಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತರು. ಆ ಕಾಲದ ಅನೇಕರು ಇದಕ್ಕೆ ಕುಲದ ದೌರ್ಬಲ್ಯವೇ ಕಾರಣವೆಂದೂ, ಇಂಥ ಜನಾಂಗಗಳು ಅಳಿಯತಕ್ಕವೇ ಎಂದೂ ಹೇಳಿದರು. ಮೈ ಉರಿಯನ್ನು ತಾಳಲಾರದೆ ತಣ್ಣೀರಿನಲ್ಲಿ ಮಲಗಿದ ರೋಗಿಗಳ ಅಜ್ಞಾನವನ್ನು ದೂರಿದವರೂ ಉಂಟು. ಆದರೆ ನಡೆದುದನ್ನು ಕ್ರಮವಾಗಿ ನೋಡಿದರೆ ಬೇರೆ ಕಾರಣಗಳು ಎದ್ದು ಕಾಣುತ್ತವೆ. ಊರಿಗೆ ಊರೇ ಒಟ್ಟಿಗೆ ಮಲಗಿದ್ದರಿಂದ ನೀರು ತಂದುಕೊಡುವವರಿರಲಿಲ್ಲ, ತೋಟದಿಂದ ಗೆಡ್ಡೆ ಅಗೆದು ತರುವವರಿರಲಿಲ್ಲ. ಅದು ಮಳೆಗಾಲ. ದಡಾರದ ಹಿಂದೆಯೇ ರಕ್ತಭೇದಿಯೂ ಶ್ವಾಸಕೋಶದ ಉರಿಯೂತವೂ ಬಂದುವು. ಹಸಿವೂ ಭಯವೂ ಜೊತೆಗೂಡಿದುವು. ಕುಲಗಳ ನಡುವೆ ಶರೀರದ ಪ್ರತಿರೋಧದಲ್ಲಿ ಭೇದವೇ ಇರಲಾರದೆಂದು ನಾವು ಹೇಳುವುದಿಲ್ಲ. ಆದರೆ ಆರೈಕೆ ಮಾಡುವ ಕೈಗಳು ಇಲ್ಲವಾದಾಗ ಯಾವ ಕುಲದವರಾದರೂ ಸಾಯುತ್ತಾರೆ. ಇದನ್ನು ಲೆಕ್ಕಕ್ಕೆ ತಾರದೆ ಕುಲವನ್ನು ದೂರುವುದು ವಿಚಾರವಲ್ಲ.

ಪರಿಣಾಮಗಳು ಒಂದು ವರ್ಷಕ್ಕೆ ಮುಗಿಯಲಿಲ್ಲ. ಬೆಟ್ಟದ ಸೀಮೆಯವರು ಈ ಪಿಡುಗನ್ನು ಹೊಸ ಆಡಳಿತದ ದ್ರೋಹವೆಂದು ಬಗೆದರು. ಹಲವರು ಆಗತಾನೆ ಸ್ವೀಕರಿಸಿದ್ದ ಕ್ರೈಸ್ತಮತವನ್ನು ಬಿಟ್ಟರು. ೧೮೭೬ರಲ್ಲಿ ಅಲ್ಲಿ ಕಾದಾಟವೂ ನಡೆಯಿತು. ೧೮೭೫ರ ಜೂನ್ ತಿಂಗಳಲ್ಲಿ ಬಂದ ಗವರ್ನರ್ ಸರ್ ಆರ್ಥರ್ ಗಾರ್ಡನ್, ಕುಗ್ಗಿಹೋದ ಮೂಲನಿವಾಸಿಗಳನ್ನು ತೋಟಗಳ ದುಡಿಮೆಗೆ ಎಳೆಯಬಾರದೆಂಬ ನೀತಿಯನ್ನು ಹಿಡಿದನು. ತೋಟಗಾರರಿಗೆ ಕೂಲಿಗಳು ಬೇಕಾಗಿದ್ದರು. ಮಾರಿಷಸ್, ಟ್ರಿನಿಡಾಡ್‌ಗಳಲ್ಲಿ ಆಡಳಿತ ನಡೆಸಿದ್ದ ಅವನಿಗೆ ಭಾರತದಿಂದ ಕರಾರುಕೂಲಿಗಳನ್ನು ತರಿಸುವ ಪದ್ಧತಿ ಪರಿಚಿತವಾಗಿತ್ತು. ಕಲ್ಕತ್ತೆಯಿಂದ ಹೊರಟ 'ಲಿಯೊನಿಡಾಸ್' ಹಡಗು ೧೮೭೯ರ ಮೇ ೧೪ರಂದು ಫಿಜಿಯನ್ನು ಮುಟ್ಟಿತು. ಅದರಲ್ಲಿ ಕಾಲರಾ ಸಿಡುಬುಗಳು ಕಾಣಿಸಿಕೊಂಡಿದ್ದುವು. ನಾಲ್ಕು ವರ್ಷಗಳ ಹಿಂದಿನ ಪಾಠವು ಇನ್ನೂ ಹಸಿಯಾಗಿದ್ದುದರಿಂದ ಈ ಬಾರಿ ಪ್ರಯಾಣಿಕರನ್ನು ಯಾನುಚ ಲೈಲೈ ಎಂಬ ಸಣ್ಣ ದ್ವೀಪದಲ್ಲಿ ಪ್ರತ್ಯೇಕವಾಗಿ ಇರಿಸಲಾಯಿತು. ೧೯೧೬ರವರೆಗೆ ಸುಮಾರು ೬೦ ಸಾವಿರ ಭಾರತೀಯರು ಹೀಗೆ ಹೋದರು. ೧೯೦೩ರಿಂದ ಮದರಾಸಿನಿಂದಲೂ ಹಡಗುಗಳು ಹೊರಟುವು. ದಡಾರವೊಂದೇ ಇದಕ್ಕೆ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಸಕ್ಕರೆಯ ವ್ಯಾಪಾರವೂ ಸಾಮ್ರಾಜ್ಯದ ಅರ್ಥನೀತಿಯೂ ಮುಖ್ಯ ಕಾರಣಗಳು. ಆದರೂ ೧೯೪೬ರ ಜನಗಣತಿಯಲ್ಲಿ ಭಾರತೀಯ ಮೂಲದವರ ಸಂಖ್ಯೆ ಮೂಲನಿವಾಸಿಗಳದನ್ನು ಮೀರಿದುದನ್ನು ವಿವರಿಸುವಾಗ ೧೮೭೫ರ ಸಾವುಗಳನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ.

ಹೆಸರಿನ ಮರೆ

ಅಮೆರಿಕದಲ್ಲಿ ಎಂಡರ್ಸ್ ಮತ್ತು ಪೀಬಲ್ಸ್ ೧೯೫೪ರಲ್ಲಿ ದಡಾರದ ವೈರಸ್ಸನ್ನು ಬೇರ್ಪಡಿಸಿದರು. ೧೯೬೩ರಲ್ಲಿ ಅಲ್ಲಿ ಲಸಿಕೆಯು ಬಳಕೆಗೆ ಬಂದಿತು. ಅದಕ್ಕೆ ಮುಂಚೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೨೬ ಲಕ್ಷ ಮಂದಿ ದಡಾರದಿಂದ ಸಾಯುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 'ಮಕ್ಕಳ ರೋಗ' ಎಂಬ ಸೌಮ್ಯವಾದ ಹೆಸರಿನ ಮರೆಯಲ್ಲಿ ನಡೆದ ಸಾವು ಇಷ್ಟು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ೧೯೮೫ರಲ್ಲಿ ಸೇರಿತು. ೨೦೧೭ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ರೋಗಗಳೆರಡಕ್ಕೂ ಒಟ್ಟಿಗೆ ಲಸಿಕೆ ಹಾಕುವ ಆಂದೋಲನವು ಮೊದಲಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಆಗ ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಲಸಿಕೆ ಹಾಕಲಾಯಿತು.

ಲಸಿಕೆಯು ರೋಗವನ್ನು ಅನುಭವಿಸದೆಯೇ ಫೆರೋದ ಆ ೯೮ ವೃದ್ಧರ ರಕ್ಷಣೆಯನ್ನು ಕೂಸಿಗೆ ಕೊಡುತ್ತದೆ. ಆದರೆ ಇದು ಮರೆವಿಗೂ ದಾರಿ ಮಾಡುತ್ತದೆ. ಫಿಜಿಯ ನೆರೆಯ ಸಮೋವ ದ್ವೀಪರಾಜ್ಯದಲ್ಲಿ ೨೦೧೮ರಲ್ಲಿ ಲಸಿಕೆಯ ಪುಡಿಯನ್ನು ಕಲಸುವಾಗ ತಪ್ಪಿ ಬೇರೊಂದು ಔಷಧವನ್ನು ಬೆರೆಸಿದ್ದರಿಂದ ಎರಡು ಶಿಶುಗಳು ಸತ್ತುವು. ಲಸಿಕಾ ಕಾರ್ಯವು ತಿಂಗಳುಗಟ್ಟಲೆ ನಿಂತುಹೋಯಿತು. ತಾಯಂದಿರ ನಂಬಿಕೆಯೂ ಕುಂದಿತು. ಮರುವರ್ಷ ದಡಾರವು ಬಂದಾಗ ಸುಮಾರು ಎರಡು ಲಕ್ಷ ಜನರ ಆ ನಾಡಿನಲ್ಲಿ ೫,೭೦೦ಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿ ೮೩ ಮಂದಿ ಸತ್ತರು. ಅವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್ ತಿಂಗಳಲ್ಲಿ ಸರ್ಕಾರವು ಎರಡು ದಿನ ದೇಶದ ವ್ಯವಹಾರಗಳನ್ನು ನಿಲ್ಲಿಸಿ, ಲಸಿಕೆ ಹಾಕಿಸಿಕೊಳ್ಳದವರಿರುವ ಮನೆಗಳ ಮುಂದೆ ಕೆಂಪು ಬಟ್ಟೆಯನ್ನು ಕಟ್ಟಿಸಿ, ಮನೆಮನೆಗೆ ಲಸಿಕೆಯವರನ್ನು ಕಳುಹಿಸಿತು. 'ಡೈಡೊ' ನೌಕೆಯಲ್ಲಿ ಏರದೆಹೋದ ಬಾವುಟವನ್ನು ಸಮೋವದ ಗೃಹಸ್ಥರು ತಮ್ಮ ಬಾಗಿಲಲ್ಲಿ ಏರಿಸಬೇಕಾಯಿತು.

ಫೆರೋದಲ್ಲಿ ಮುದುಕರು ತಪ್ಪಿಸಿಕೊಂಡು ಉಳಿದವರೆಲ್ಲರೂ ಮಲಗಿದರು. ಸಮೋವದಲ್ಲಿ ಹಿರಿಯರು ತಪ್ಪಿಸಿಕೊಂಡು ಕೂಸುಗಳು ಸತ್ತುವು. ಎರಡು ಕಡೆಯೂ ರೋಗವು ಆರಿಸಿಕೊಂಡದ್ದು ಒಂದೇ ತೆರನ ಜನರನ್ನು: ರಕ್ಷಣೆಯಿಲ್ಲದವರನ್ನು. ಯಾವ ಕಾಲದಲ್ಲಿ ಯಾವ ವಯಸ್ಸಿನವರು ರಕ್ಷಣೆಯಿಲ್ಲದೆ ಉಳಿಯುವರೆಂಬುದನ್ನು ಊರಿನ ಗಾತ್ರ, ಹಡಗಿನ ದಾರಿ, ಸರ್ಕಾರದ ಎಚ್ಚರ, ಜನರ ನಂಬಿಕೆ ಇವು ನಿರ್ಣಯಿಸುತ್ತ ಬಂದಿವೆ. ಆದುದರಿಂದ ದಡಾರವು ಮಕ್ಕಳ ರೋಗವಾದದ್ದು ಪ್ರಕೃತಿಯ ಕಟ್ಟಳೆಯಿಂದಲ್ಲ. ಮನುಷ್ಯರು ಒಟ್ಟುಗೂಡಿ ಬಾಳಿದ ರೀತಿಯಿಂದ ಅದು ಹಾಗಾಯಿತು. ಅದು ಮಕ್ಕಳ ಪಾಲಿಗೂ ಇಲ್ಲವಾಗಬೇಕಾದರೆ, ಆ ಬಾಳಿನ ರೀತಿಯಲ್ಲಿಯೇ, ಎಂದರೆ ನೂರಕ್ಕೆ ತೊಂಬತ್ತೈದು ಮಕ್ಕಳಿಗಾದರೂ ಎರಡು ಸಲ ತಪ್ಪದೆ ಲಸಿಕೆ ಹಾಕಿಸುವ ನಮ್ಮ ಎಚ್ಚರದಲ್ಲಿಯೇ, ಅದಕ್ಕೆ ಉಪಾಯವಿದೆ.